ಹದಿನೇಳು ಸುತ್ತಿನಲ್ಲೂ ಬಾರದ ಹೆಸರು

ಪ್ರತಿ ವರ್ಷ ಏಪ್ರಿಲ್ ಕೊನೆಯ ಹೊತ್ತಿಗೆ ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ತಂಡಗಳು ಸರದಿಯಂತೆ ಕಾಲೇಜು ಫುಟ್‌ಬಾಲ್ ಆಟಗಾರರನ್ನು ಆರಿಸಿಕೊಳ್ಳುತ್ತವೆ. ಇದೇ ಡ್ರಾಫ್ಟ್. ಡ್ರಾಫ್ಟ್ ಮುಗಿದ ಮರುದಿನವೇ ಯಾವ ತಂಡಕ್ಕೆ ‘ಎ’, ಯಾವುದಕ್ಕೆ ‘ಡಿ’ ಎಂಬ ಅಂಕಪಟ್ಟಿಗಳು ಹೊರಬೀಳುತ್ತವೆ. ಆರಿಸಿದ ಹುಡುಗರಲ್ಲಿ ಒಬ್ಬರೂ ಇನ್ನೂ ಆ ಜರ್ಸಿ ತೊಟ್ಟು ಆಡಿರುವುದಿಲ್ಲ! 2012ರಲ್ಲಿ ಸಿಯಾಟಲ್ ಸೀಹಾಕ್ಸ್ ತಂಡದ ಆಯ್ಕೆಯನ್ನು ವಿಮರ್ಶಕರು ಚೆನ್ನಾಗಿ ಝಾಡಿಸಿದ್ದರು. ಆ ಸಲ ಮೂರನೇ ಸುತ್ತಿನಲ್ಲಿ ಸಿಕ್ಕ ಕುಳ್ಳ ಕ್ವಾರ್ಟರ್‌ಬ್ಯಾಕ್ (ಚೆಂಡೆಸೆದು ದಾಳಿ ನಡೆಸುವವ) ರಸೆಲ್ ವಿಲ್ಸನ್ ತಮ್ಮ ಎರಡನೇ ಋತುವಿನಲ್ಲೇ ತಂಡಕ್ಕೆ ಲೀಗ್‌ನ ಅಂತಿಮ ಪಂದ್ಯ ಸೂಪರ್ ಬೌಲ್ ಗೆದ್ದುಕೊಟ್ಟರು.

ನಮ್ಮ ಐಪಿಎಲ್ ಹರಾಜಿನಂತೆ ಇಲ್ಲಿ ಹಣ ಕೂಗುವಂತಿಲ್ಲ. ಹಿಂದಿನ ವರ್ಷ ತೀರಾ ಸೋತ ತಂಡಕ್ಕೆ ಮೊದಲ ಸರದಿ. ಬಲಾಢ್ಯ ತಂಡಗಳೇ ಒಳ್ಳೆಯವರನ್ನೆಲ್ಲ ಬಾಚಿಕೊಳ್ಳುವುದನ್ನು ತಡೆಯಲು ಫಿಲಡೆಲ್ಫಿಯಾ ಈಗಲ್ಸ್ ಮಾಲೀಕ ಬರ್ಟ್ ಬೆಲ್ ಸೂಚಿಸಿದ ಏರ್ಪಾಡು ಇದು. 1936ರ ಫೆಬ್ರುವರಿಯಲ್ಲಿ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಮೊದಲ ಡ್ರಾಫ್ಟ್ ನಡೆದಾಗ ಕಪ್ಪು ಹಲಗೆಯ ಮೇಲಿದ್ದದ್ದು 90 ಹೆಸರು. ಊರೂರು ಸುತ್ತಿ ಪ್ರತಿಭೆ ಹುಡುಕುವ ಸ್ಕೌಟ್‌ಗಳು ಆಗೆಲ್ಲಿ? ಪತ್ರಿಕೆಯಲ್ಲಿ ಓದಿದ್ದು, ಅವರಿವರು ಹೇಳಿದ್ದೇ ಆಧಾರ. ಹಾಗಾಗಿ ಪತ್ರಿಕೆಗಳು ಬರೆಯದ ಕಾಲೇಜಿನ ಹುಡುಗ ಹಲಗೆಯ ಮೇಲೆ ಬರುವ ಮಾತೇ ಇರಲಿಲ್ಲ.

ಇದರ ಪೆಟ್ಟು ಹೆಚ್ಚು ಬಿದ್ದದ್ದು ದಕ್ಷಿಣದ ರಾಜ್ಯಗಳಲ್ಲಿ ಕಪ್ಪುವರ್ಣೀಯರಿಗಾಗಿ ಕಟ್ಟಿದ ಕಾಲೇಜುಗಳಿಗೆ. ವರ್ಣಭೇದದಿಂದಾಗಿ ಅಲ್ಲಿನ ದೊಡ್ಡ ವಿಶ್ವವಿದ್ಯಾಲಯಗಳ ತಂಡಗಳಲ್ಲಿ 1960ರ ದಶಕದವರೆಗೂ ಕಪ್ಪು ಹುಡುಗರಿಗೆ ಜಾಗವಿರಲಿಲ್ಲ. ಪ್ರತಿಭೆಯೆಲ್ಲ ಗ್ರ್ಯಾಂಬ್ಲಿಂಗ್‌ನಂಥ ಚಿಕ್ಕ ಕಾಲೇಜುಗಳಲ್ಲಿ ತುಂಬಿಕೊಂಡಿತ್ತು. ಆ ಗ್ರ್ಯಾಂಬ್ಲಿಂಗ್‌ನ ‘ಟ್ಯಾಂಕ್’ ಯಂಗರ್ 1949ರಲ್ಲಿ ಲಾಸ್ ಏಂಜಲೀಸ್ ರ‍್ಯಾಮ್ಸ್ ಸೇರಿದ್ದು ಡ್ರಾಫ್ಟ್‌ನ ಮೂಲಕವಲ್ಲ, ಯಾರೂ ಆರಿಸದೆ ಬಿಟ್ಟಮೇಲೆ.

ಈ ಕಾಲೇಜುಗಳ ಆಟಗಾರರನ್ನು ಹೆಸರು ಹಿಡಿದು ಬಲ್ಲ ಒಬ್ಬ ಪತ್ರಕರ್ತರಿದ್ದರು, ‘ಪಿಟ್ಸ್‌ಬರ್ಗ್ ಕೊರಿಯರ್’ನ ಬಿಲ್ ನನ್. ಕಪ್ಪು ಕಾಲೇಜುಗಳ ಶ್ರೇಷ್ಠ ತಂಡವನ್ನು ಅವರು ವರ್ಷವರ್ಷ ಪ್ರಕಟಿಸುತ್ತಿದ್ದರು. ಅದೇ ಊರಿನ ಎನ್‌ಎಫ್‌ಎಲ್ ತಂಡ ಸ್ಟೀಲರ್ಸ್ ತಮ್ಮನ್ನು ಒಂದು ಮಾತೂ ಕೇಳುವುದಿಲ್ಲ ಎಂಬ ಅಸಮಾಧಾನ ಅವರಿಗಿತ್ತು. ಅದು ಸ್ಟೀಲರ್ಸ್ ಮಾಲೀಕರ ಮಗ ಡ್ಯಾನ್ ರೂನಿ ಕಿವಿಗೆ ಬಿತ್ತು. 1960ರ ದಶಕ ಮುಗಿಯುವಷ್ಟರಲ್ಲಿ ಬಿಲ್ ನನ್ ತಂಡದ ಸ್ಕೌಟ್ ಆಗಿದ್ದರು.

ಅಲಬಾಮಾ ಎ ಅಂಡ್ ಎಮ್ ಎಂಬ ಕಪ್ಪು ಕಾಲೇಜಿನ ಜಾನ್ ಸ್ಟಾಲ್‌ವರ್ತ್ ಕತೆ ಸ್ಕೌಟ್‌ಗಳು ಇಂದಿಗೂ ಹೇಳಿಕೊಳ್ಳುವಂಥದ್ದು. ಹಲವು ತಂಡಗಳ ಸ್ಕೌಟ್‌ಗಳು ನೋಡುತ್ತಿದ್ದಂತೆ ಆತ ಒದ್ದೆ ನೆಲದಲ್ಲಿ 40 ಗಜ ಓಡಿದರು. ಸಮಯ ಚೆನ್ನಾಗಿ ಬರಲಿಲ್ಲ. ಎಲ್ಲರೂ ಗಂಟುಮೂಟೆ ಕಟ್ಟಿದರು. ಬಿಲ್ ನನ್ ಮಾತ್ರ ಮೈ ಸರಿಯಿಲ್ಲವೆಂದು ನೆಪ ಹೇಳಿ ಉಳಿದುಕೊಂಡರು, ಮರುದಿನ ಒಣ ನೆಲದಲ್ಲಿ ಮತ್ತೆ ಓಡಿಸಿ ಗಡಿಯಾರ ಹಿಡಿದರು. ಕೋಚ್ ಚಕ್ ನೋಲ್ ಮೊದಲ ಸುತ್ತಿನಲ್ಲೇ ಸ್ಟಾಲ್‌ವರ್ತ್ ಬೇಕೆಂದಾಗ, ಕಾಯೋಣ, ಬೇರೆಯವರಿಗೆ ಗೊತ್ತಿಲ್ಲ ಎಂದವರೂ ಅವರೇ.

ಹೀಗೆ 1974ರಲ್ಲಿ ಲಿನ್ ಸ್ವಾನ್ ಮೊದಲ ಸುತ್ತಿನಲ್ಲಿ, ಜ್ಯಾಕ್ ಲ್ಯಾಂಬರ್ಟ್ ಎರಡನೆಯದರಲ್ಲಿ, ಸ್ಟಾಲ್‌ವರ್ತ್ ನಾಲ್ಕರಲ್ಲಿ, ಮೈಕ್ ವೆಬ್‌ಸ್ಟರ್ ಐದರಲ್ಲಿ ಸ್ಟೀಲರ್ಸ್ ಪಾಲಾದರು. ನಾಲ್ವರೂ ಮುಂದೆ ಆಟದ ಮಹನೀಯರ ಗೌರವಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದರು. ಆರು ಋತುಗಳಲ್ಲಿ ತಂಡ ನಾಲ್ಕು ಸೂಪರ್ ಬೌಲ್ ಗೆದ್ದಿತು. ಆದರೆ ನನಗೆ ಈ ನಾಲ್ವರಿಗಿಂತ ದೊಡ್ಡ ಹೆಸರು ಡಾನಿ ಶೆಲ್. 17 ಸುತ್ತು, 442 ಹೆಸರು ಮುಗಿದರೂ ಸೌತ್ ಕ್ಯಾರೊಲಿನಾ ಸ್ಟೇಟ್ ಎಂಬ ಕಪ್ಪು ಕಾಲೇಜಿನ ಈ ಹುಡುಗನನ್ನು ಯಾರೂ ಕರೆಯಲಿಲ್ಲ. ಬಿಲ್ ನನ್ ಕರೆದರು. ಆ ಬೇಸಿಗೆಯಲ್ಲಿ ಹಿರಿಯ ಆಟಗಾರರು ಮುಷ್ಕರ ಹೂಡಿದ್ದರಿಂದ ಶಿಬಿರದಲ್ಲಿ ಹೊಸಬರಿಗೆ ಧಾರಾಳ ಅವಕಾಶ ಸಿಕ್ಕಿತು. ಶೆಲ್ 14 ಋತು ಆಡಿ 51 ಸಲ ಎದುರಾಳಿಯ ಪಾಸ್ ಕಸಿದರು. ಹಾಲ್ ಆಫ್ ಫೇಮ್ ಅವರನ್ನು ಆರಿಸಿದ್ದು 2020ರಲ್ಲಿ. ಒಂದು ಡ್ರಾಫ್ಟ್‌ನ ಲೆಕ್ಕ ತೀರಲು 46 ವರ್ಷ!

ಈಗ ಡ್ರಾಫ್ಟ್ ಏಳೇ ಸುತ್ತು. 1987ರಿಂದ ಇಂಡಿಯಾನಾಪೊಲಿಸ್‌ನಲ್ಲಿ ನಡೆಯುವ ಕಂಬೈನ್ ಎಂಬ ಪರೀಕ್ಷಾ ಶಿಬಿರದಲ್ಲಿ ಓಟ, ನೆಗೆತ, ಅಂಗೈ ಅಗಲವನ್ನೂ ಅಳೆಯುತ್ತಾರೆ. ಅಲ್ಲಿಗೆ ಆಹ್ವಾನ ಬಾರದವರದ್ದು ಹಳೆಯ ಪಾಡೇ. 2021ರ ಡ್ರಾಫ್ಟ್‌ನಲ್ಲಿ ಕಪ್ಪು ಕಾಲೇಜುಗಳ ಒಬ್ಬ ಆಟಗಾರನೂ ಆಯ್ಕೆಯಾಗಲಿಲ್ಲ. ಕೋವಿಡ್‌ನಿಂದ ಅವರ ಋತು ಮುಂದಕ್ಕೆ ಹೋಗಿದ್ದು ಒಂದು ಕಾರಣ. ಬಿಲ್ ನನ್ ತೀರಿಕೊಂಡು ಏಳು ವರ್ಷವಾದ ಮೇಲೆ, ಅದೇ 2021ರ ಆಗಸ್ಟ್‌ನಲ್ಲಿ, ಅವರನ್ನೂ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡರು.