ಜರ್ಮನಿ ವೀಸಾ ಇದ್ರೆ ಮೊದಲು ಜರ್ಮನಿಯಲ್ಲೇ ಇಳೀಬೇಕಾ?

ಪ್ರಶ್ನೆ: ನಮ್ದು ಪೀಣ್ಯದಲ್ಲಿ ಚಿಕ್ಕ ವರ್ಕ್‌ಶಾಪ್ ಸರ್. ಹ್ಯಾನೋವರ್ ಎಕ್ಸಿಬಿಷನ್‌ಗೆ 5 ದಿನ, ಆಮೇಲೆ ಮಿಲಾನ್‌ನಲ್ಲಿ ಸಪ್ಲೈಯರ್ ನೋಡೋಕೆ 2 ದಿನ. ಜರ್ಮನಿ ವೀಸಾ ಬಂದಿದೆ. ಪ್ಯಾರಿಸ್ ಮೇಲೆ ಟಿಕೆಟ್ ಕಮ್ಮಿಗೆ ಸಿಗ್ತಿದೆ, ಆದ್ರೆ ಮೊದಲು ಜರ್ಮನಿಯಲ್ಲೇ ಇಳೀಬೇಕು ಇಲ್ಲಾಂದ್ರೆ ವಾಪಸ್ ಕಳಿಸ್ತಾರೆ ಅಂತಾರೆ. ನಿಜಾನಾ?

ನಿಜ ಅಲ್ಲ. ಪ್ಯಾರಿಸ್ ಮೇಲೇನೇ ಹೋಗಿ.

ಪ್ರತಿ ಎಕ್ಸಿಬಿಷನ್ ಸೀಸನ್‌ನಲ್ಲೂ ಇದೇ ಪ್ರಶ್ನೆ ಬರತ್ತೆ, ಊರು ಮಾತ್ರ ಬೇರೆ. ಒಬ್ರು ಬಾರ್ಸಿಲೋನಾ ಮೊಬೈಲ್ ಕಾಂಗ್ರೆಸ್‌ಗೆ ಹೊರಟಿರ್ತಾರೆ, ಇನ್ನೊಬ್ರು ಫ್ರಾಂಕ್‌ಫರ್ಟ್ ಪುಸ್ತಕ ಮೇಳಕ್ಕೆ, ಮತ್ತೊಬ್ರು ಡಸೆಲ್‌ಡಾರ್ಫ್‌ನ ಮೆಡಿಕಾ ಅನ್ನೋ ವೈದ್ಯಕೀಯ ಮೇಳಕ್ಕೆ, ಭಯ ಮಾತ್ರ ಎಲ್ಲರದ್ದೂ ಒಂದೇ. ಎಷ್ಟು ಸಲ ಹೇಳಿದ್ರೂ ಹೋಗ್ತಿಲ್ಲ, ಅದಕ್ಕೆ ಈ ಸಲ ಬುಡದಿಂದ ಬರೀತೀನಿ.

ನಿಮ್ಮದು ಶೆಂಗೆನ್ ವೀಸಾ. ಶೆಂಗೆನ್ ಅಂದ್ರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯೂರೋಪಿನ ದೇಶಗಳ ಗುಂಪು, ಅದರಲ್ಲಿ ಈಗ 29 ದೇಶ ಇದಾವೆ. ಯಾವ ದೇಶಕ್ಕೆ ಅಪ್ಲೈ ಮಾಡ್ಬೇಕು ಅನ್ನೋದು ನಿಮ್ಮ ಮುಖ್ಯ ಕೆಲಸ ಎಲ್ಲಿ, ಜಾಸ್ತಿ ದಿನ ಎಲ್ಲಿರ್ತೀರಿ ಅನ್ನೋದರ ಮೇಲೆ ನಿಂತಿದೆ. ನಿಮ್ಮ ಲೆಕ್ಕದಲ್ಲಿ ಅದು ಜರ್ಮನಿ, ಸರಿಯಾಗೇ ಮಾಡಿದ್ದೀರಿ. ಎರಡು ದೇಶದಲ್ಲೂ ಸಮಾ ದಿನ ಸಮಾ ಕೆಲಸ ಇದ್ದು ಮುಖ್ಯ ಯಾವ್ದು ಅಂತ ಹೇಳೋಕೇ ಆಗಲ್ಲ ಅಂದಾಗ ಮಾತ್ರ ಮೊದಲು ಯಾವ ದೇಶದ ಗಡಿ ದಾಟಿ ಒಳಗೆ ಬರ್ತೀರೋ ಆ ದೇಶಕ್ಕೆ ಅಪ್ಲೈ ಮಾಡ್ಬೇಕು. ಈ "ಮೊದಲು" ಅನ್ನೋ ಮಾತನ್ನ ಯಾರೋ ಅರ್ಧ ಕೇಳಿಸಿಕೊಂಡು, ಅರ್ಜಿ ಹಾಕೋ ರೂಲನ್ನ ಇಳಿಯೋ ರೂಲ್ ಮಾಡಿಬಿಟ್ರು, ಅದು ವಾಟ್ಸಾಪ್‌ನಲ್ಲಿ ಸುತ್ತಿ ಸುತ್ತಿ ಈಗ ಎಷ್ಟೋ ಏಜೆಂಟರೂ ಅದನ್ನೇ ಹೇಳ್ತಾರೆ. ತುಮಕೂರು ಆರ್‌ಟಿಓ ಕೊಟ್ಟ ಡಿಎಲ್ ಇಟ್ಕೊಂಡು ನೀವು ಮಂಗಳೂರಲ್ಲಿ ಗಾಡಿ ಓಡಿಸಲ್ವಾ, ಮೊದಲು ತುಮಕೂರಲ್ಲೇ ಒಂದು ರೌಂಡ್ ಹೊಡೀಬೇಕು ಅಂತ ಯಾರಾದ್ರೂ ಹೇಳ್ತಾರಾ? ಕೊಟ್ಟ ಆಫೀಸ್ ಬೇರೆ, ನಡೆಯೋ ಜಾಗ ಬೇರೆ.

ನಂಬಿಕೆ ಬರಲಿಲ್ವಾ, ಪಾಸ್‌ಪೋರ್ಟ್ ತೆಗೆದು ಸ್ಟಿಕ್ಕರ್ ನೋಡಿ. ಎಲ್ಲೆಲ್ಲಿ ನಡೆಯತ್ತೆ ಅಂತ ಹೇಳೋ ಮೇಲಿನ ಸಾಲಲ್ಲಿ "ಶೆಂಗೆನರ್ ಸ್ಟಾಟನ್" ಅಂತ ಜರ್ಮನ್‌ನಲ್ಲಿ ಇರತ್ತೆ, ಅಂದ್ರೆ ಶೆಂಗೆನ್ ದೇಶಗಳು ಎಲ್ಲಾ. ಅದರ ಕೆಳಗೆ ಯಾವತ್ತಿಂದ ಯಾವತ್ತಿನವರೆಗೆ, ಎಷ್ಟು ಎಂಟ್ರಿ, ಎಷ್ಟು ದಿನ. ಇಂಥಾ ಏರ್‌ಪೋರ್ಟ್‌ನಲ್ಲೇ ಇಳೀರಿ ಅನ್ನೋಕೆ ಅಲ್ಲಿ ಒಂದು ಕಾಲಮ್ಮೇ ಇಲ್ಲ.

ಆದ್ರೆ ಪ್ಯಾರಿಸ್‌ನಲ್ಲಿ ಏನಾಗತ್ತೆ ಅಂತ ಗೊತ್ತಿರಲಿ. ಇಮಿಗ್ರೇಷನ್ ಅಲ್ಲೇ ಮುಗಿಯತ್ತೆ, ಅಲ್ಲಿಂದ ಹ್ಯಾನೋವರ್ ಫ್ಲೈಟ್ ಒಂಥರಾ ಡೊಮೆಸ್ಟಿಕ್ ಇದ್ದಹಾಗೆ, ಮತ್ತೆ ಪಾಸ್‌ಪೋರ್ಟ್ ಲೈನ್ ಇರಲ್ಲ. ಜರ್ಮನಿ ಸ್ಟಿಕ್ಕರ್ ನೋಡಿ ಅಲ್ಲಿನ ಆಫೀಸರ್ ಎಲ್ಲಿಗೆ, ಯಾಕೆ, ಎಷ್ಟು ದಿನ ಅಂತ ಕೇಳಬಹುದು, ಕೇಳೋ ಹಕ್ಕು ಅವರಿಗಿದೆ. ಎಕ್ಸಿಬಿಷನ್ ಪಾಸ್, ಇನ್ವಿಟೇಷನ್ ಲೆಟರ್, ಹ್ಯಾನೋವರ್ ರೂಮ್ ಬುಕಿಂಗ್, ಇನ್ಶೂರೆನ್ಸ್, ವಾಪಸ್ ಟಿಕೆಟ್, ಇಷ್ಟೂ ಪ್ರಿಂಟ್ ಹಾಕಿಸಿ ಕೈಚೀಲದಲ್ಲಿ ಇಟ್ಕೊಳ್ಳಿ, ಚೆಕ್-ಇನ್ ಲಗೇಜಲ್ಲಿ ಹಾಕಿ ಕಳಿಸಬೇಡಿ. ಇನ್ನೊಂದು, ಲೇಓವರ್, ಅಂದ್ರೆ ಫ್ಲೈಟ್ ಬದಲಾಯಿಸೋಕೆ ಮಧ್ಯ ಸಿಗೋ ಟೈಮ್, ಒಂದೇ ಗಂಟೆ ಇರೋ ಟಿಕೆಟ್ ತಗೋಬೇಡಿ. 2025ರ ಅಕ್ಟೋಬರ್ 12ರಿಂದ ಮುದ್ರೆ ಒತ್ತೋ ಬದಲು ಕಂಪ್ಯೂಟರ್‌ನಲ್ಲಿ ಎಂಟ್ರಿ-ಎಕ್ಸಿಟ್ ದಾಖಲು ಮಾಡೋ ಹೊಸ ಪದ್ಧತಿ ಶುರುವಾಗಿದೆ, ಲೈನ್‌ಗೆ ಅಂತಾನೇ ಟೈಮ್ ಇಟ್ಕೊಳ್ಳಿ. ದುಬೈ ಶೆಂಗೆನ್‌ಗೆ ಸೇರಲ್ಲ, ಅದರ ಮೇಲೆ ನೇರ ಜರ್ಮನಿಗೆ ಹೋದ್ರೆ ಇದೆಲ್ಲಾ ಜರ್ಮನಿಯಲ್ಲೇ ಆಗತ್ತೆ.

ನಿಜವಾಗ್ಲೂ ಹೆದರಬೇಕಾಗಿರೋದು ಬೇರೆ ವಿಷಯಕ್ಕೆ, ಅದಕ್ಕೆ ಮಾತ್ರ ಯಾರೂ ಹೆದರಲ್ಲ! ಜರ್ಮನಿ ವೀಸಾ ಅಪಾಯಿಂಟ್‌ಮೆಂಟ್ ಸ್ಲಾಟ್ ಸಿಗ್ಲಿಲ್ಲ ಅಂತ ಬೇರೆ ದೇಶಕ್ಕೆ ಸುಮ್ನೆ ಹೋಟೆಲ್ ಬುಕ್ ಮಾಡಿ ವೀಸಾ ತಗೊಂಡು, ಆಮೇಲೆ ಕ್ಯಾನ್ಸಲ್ ಮಾಡಿ ಪೂರ್ತಿ ವಾರ ಜರ್ಮನಿಯಲ್ಲಿ ಇರೋದು. ಸುಳ್ಳು ಹೇಳಿ ತಗೊಂಡಿದ್ದು ಅಂತ ಗೊತ್ತಾದ್ರೆ ವೀಸಾ ರದ್ದು ಮಾಡ್ತಾರೆ, ದಾಖಲೆ ಎಲ್ಲಾ ಶೆಂಗೆನ್ ದೇಶಕ್ಕೂ ಕಾಣತ್ತೆ. 2024ರ ಏಪ್ರಿಲ್‌ನಿಂದ ಭಾರತದವರಿಗೆ ಒಳ್ಳೆ ನಿಯಮ ಬಂದಿದೆ, ಹಿಂದಿನ 3 ವರ್ಷದಲ್ಲಿ 2 ವೀಸಾ ತಗೊಂಡು ಸರಿಯಾಗಿ ಬಳಸಿದ್ರೆ ಮುಂದಿಂದು 2 ವರ್ಷದ ಮಲ್ಟಿಪಲ್ ಎಂಟ್ರಿ ಸಿಗಬಹುದು, ಆಮೇಲೆ 5 ವರ್ಷದ್ದು. ಒಂದು ಸ್ಲಾಟ್‌ಗೋಸ್ಕರ ಅದನ್ನ ಕಳ್ಕೋಬೇಡಿ.

ಲಂಡನ್, ಡಬ್ಲಿನ್ ಈ ವೀಸಾದಲ್ಲಿ ಬರಲ್ಲ. ಜ್ಯೂರಿಕ್ ಬರತ್ತೆ. ಸಿಂಗಲ್ ಎಂಟ್ರಿ ಇದ್ರೆ ಮಧ್ಯ ಲಂಡನ್‌ಗೆ ಹೋಗಿ ಮತ್ತೆ ಪ್ಯಾರಿಸ್‌ಗೆ ಬರೋಕಾಗಲ್ಲ.

ಇನ್ನು ಯಾರೂ ಕೇಳದೇ ಇರೋ ಒಂದು ವಿಷಯ. ಬರ್ಲಿನ್, ಮ್ಯೂನಿಕ್ ಬಿಟ್ಟು ಹ್ಯಾನೋವರ್‌ನಲ್ಲಿ ಯಾಕಪ್ಪಾ ಇಷ್ಟು ದೊಡ್ಡ ಮೆಷಿನ್ ಎಕ್ಸಿಬಿಷನ್? ಎರಡನೇ ಮಹಾಯುದ್ಧಕ್ಕೆ ಮುಂಚೆ ಜರ್ಮನಿಯ ಮೇಳದ ಊರು ಅಂದ್ರೆ ಲೈಪ್‌ಜಿಗ್, ಯುದ್ಧ ಮುಗಿದ ಮೇಲೆ ಅದು ರಷ್ಯಾದವರ ಕೈಗೆ ಹೋಯ್ತು. ಈ ಕಡೆ ಬ್ರಿಟಿಷರ ವಶದಲ್ಲಿದ್ದ ಭಾಗದಲ್ಲಿ, ಹ್ಯಾನೋವರ್ ಪಕ್ಕದ ಲಾಟ್ಸನ್‌ನಲ್ಲಿ ಬಾಂಬ್ ದಾಳಿಯಲ್ಲಿ ಹಾಳಾಗದೆ ಉಳಿದಿದ್ದ ಒಂದು ಲೋಹದ ಕಾರ್ಖಾನೆಯ ಶೆಡ್‌ಗಳಲ್ಲಿ 1947ರ ಆಗಸ್ಟ್‌ನಲ್ಲಿ ಮೊದಲ ರಫ್ತು ಮೇಳ ಮಾಡಿದ್ರು. ಊಟಕ್ಕೂ ರೇಷನ್ ಇದ್ದ ಕಾಲ, ಬಂದವರಿಗೆ ಕೂಪನ್ ಇಲ್ಲದೆ ಮೀನಿಟ್ಟ ಬನ್ ಕೊಡ್ತಿದ್ರು, ಅದಕ್ಕೆ ಜನ ಮೀನು-ಬನ್ ಮೇಳ ಅಂತಾನೇ ಕರೆದ್ರು. ಊರೆಲ್ಲಾ ಮುರಿದುಬಿದ್ದಿತ್ತು, ಹೋಟೆಲ್ ಸಾಕಾಗ್ತಿರಲಿಲ್ಲ, ಮನೆಯವರೇ ತಮ್ಮ ರೂಮು ಬಿಟ್ಟುಕೊಟ್ಟು ವ್ಯಾಪಾರಿಗಳನ್ನ ಮಲಗಿಸಿಕೊಂಡ್ರು. ಆ ಪದ್ಧತಿ ಆಮೇಲೂ ಬೆಳೀತು, ಮೇಳದ ವಾರದಲ್ಲಿ ಹೋಟೆಲ್ ರೇಟ್ ಕೈಗೆ ಸಿಗದಷ್ಟು ಏರಿದಾಗ ಮನೆ ರೂಮ್ ಹುಡುಕೋದು ಈಗ್ಲೂ ಒಳ್ಳೇ ದಾರಿ. ಅದೂ ಸಿಗದಿದ್ರೆ ಹಿಲ್ಡೆಸ್‌ಹೈಮ್‌ನಲ್ಲಿ ಉಳ್ಕೊಂಡು ಲೋಕಲ್ ಟ್ರೈನ್ ಹಿಡೀರಿ, ಹ್ಯಾನೋವರ್ ಮೇನ್ ಸ್ಟೇಷನ್‌ವರೆಗೆ ಹೋಗಬೇಡಿ, ಅದಕ್ಕಿಂತ ಮುಂಚೆ ಮೆಸ್ಸೆ-ಲಾಟ್ಸನ್ ಅಂತ ಸ್ಟೇಷನ್ ಬರತ್ತೆ, ಅಲ್ಲಿಳಿದ್ರೆ ಮೇಳದ ಗೇಟು ಹತ್ರ.