ಜಿಂಕೆ ಗಂಜಲದ ಬಾಟಲಿಗೆ ಜಿಂಕೆ ನಿಜವಾಗಿ ಬರುತ್ತಾ?

ಪ್ರಶ್ನೆ: ಪಿಟ್ಸ್‌ಬರ್ಗ್‌ನಲ್ಲಿರುವ ಮಗನ ಮನೆಗೆ ಬಂದಿದ್ದೇವೆ. ಮೊನ್ನೆ ಬೇಟೆ, ಮೀನು ಹಿಡಿಯುವ ಸಾಮಾನು ಮಾರುವ ದೊಡ್ಡ ಅಂಗಡಿಗೆ ಹೋಗಿದ್ದೆವು. ಅಲ್ಲಿ ಒಂದು ಇಡೀ ಸಾಲಿನ ತುಂಬ ಜಿಂಕೆ ಮೂತ್ರದ ಬಾಟಲಿ! ಮಗನ ಆಫೀಸಿನವರು ಅದನ್ನು ಕೊಂಡು ಕಾಡಿಗೆ ಒಯ್ಯುತ್ತಾರಂತೆ. ಚೆಲ್ಲಿದರೆ ಜಿಂಕೆ ಹುಡುಕಿಕೊಂಡು ಬರುತ್ತಂತೆ. ನಮ್ಮ ಕಡೆ ಹಸುವಿನ ಗಂಜಲ ಹಿಡಿಯೋದು ಗೊತ್ತು, ಇದೇನು ಸ್ವಾಮಿ? ನಿಜವಾಗಿ ಬರುತ್ತಾ, ಇಲ್ಲ ಸುಮ್ನೆ ದುಡ್ಡು ಕೀಳೋ ವ್ಯಾಪಾರನಾ?

ಉತ್ತರ: ಬರುತ್ತದೆ ಸಾರ್. ದುಡ್ಡು ಕೀಳುವ ವ್ಯಾಪಾರವೂ ಹೌದು. ಎರಡೂ ಒಟ್ಟಿಗೆ ಹೇಗೆ ನಿಜ ಅಂತ ಹೇಳಬೇಕಾದರೆ ಮೊದಲು ಜಿಂಕೆಯ ಮೂಗಿನ ವಿಷಯ ಮಾತಾಡಬೇಕು.

ನೀವಿರುವ ಪೆನ್ಸಿಲ್ವೇನಿಯಾದಲ್ಲಿ ಸಿಗುವುದು ಬಿಳಿಬಾಲದ ಜಿಂಕೆ. ನಮ್ಮ ಬಂಡೀಪುರದ ಚುಕ್ಕೆ ಜಿಂಕೆಯಂತೆ ಅದಕ್ಕೆ ಚುಕ್ಕೆ ಇರುವುದಿಲ್ಲ, ಮರಿಗಳಿಗೆ ಮಾತ್ರ ಇರುತ್ತದೆ. ಹೆದರಿ ಓಡುವಾಗ ಬಾಲ ಎತ್ತುತ್ತದೆ, ಕೆಳಗಿನ ಬಿಳಿ ಕಾಣುತ್ತದೆ. ಅದಕ್ಕೇ ಆ ಹೆಸರು. ಅಮೆರಿಕದಲ್ಲಿ ಇವು ಸುಮಾರು 3 ಕೋಟಿ ಇವೆ ಎಂದು ಅಂದಾಜು. ಮನೆ ಹಿತ್ತಲಿಗೇ ಬಂದು ಹೂಗಿಡ ಮೇಯ್ದು ಹೋಗುತ್ತವೆ, ನೀವೂ ನೋಡಿರಬಹುದು.

ಈ ಜಿಂಕೆಯ ಮೈಯಲ್ಲಿ ವಾಸನೆ ಬಿಡುವ ಗ್ರಂಥಿಗಳು ಹಲವು ಕಡೆ ಇವೆ. ಕಣ್ಣಿನ ಪಕ್ಕ, ಹಣೆಯ ಮೇಲೆ, ಗೊರಸಿನ ಸೀಳಿನಲ್ಲಿ, ಹಿಂಗಾಲಿನ ಕೀಲಿನ ಒಳಮೈಯಲ್ಲಿ. ಈ ಕೊನೆಯದು ಬೇಟೆಗಾರರಿಗೆ ಬಹಳ ಮುಖ್ಯ. ಗಂಡು ಜಿಂಕೆ ಹಿಂಗಾಲೆರಡನ್ನೂ ಒತ್ತಿಕೊಂಡು ನಿಂತು, ಆ ಗ್ರಂಥಿಗಳ ಮೇಲೆ ಮೂತ್ರ ಹರಿಯುವ ಹಾಗೆ ಮಾಡಿ, ಕಾಲು ಉಜ್ಜುತ್ತದೆ. ಬೆದೆಯ ಕಾಲದಲ್ಲಿ ಅಲ್ಲಿನ ಕೂದಲು ಕಪ್ಪಾಗಿ ಅಂಟಂಟಾಗುತ್ತದೆ. ಆ ನಾತ ಮನುಷ್ಯರಿಗೂ ದೂರದಿಂದಲೇ ಗೊತ್ತಾಗುತ್ತದೆ.

ಆಮೇಲೆ ಅದರ ನೋಟಿಸ್ ಬೋರ್ಡು. ಗಂಡು ಜಿಂಕೆ ಒಂದು ತಗ್ಗಿದ ಕೊಂಬೆಯ ಕೆಳಗೆ ಕಾಲಿನಿಂದ ತರಗೆಲೆ ಕೆದರಿ ಮಣ್ಣು ಕಾಣುವ ಹಾಗೆ ಮಾಡುತ್ತದೆ. ಅದರ ಮೇಲೆ ಮೂತ್ರ ಬಿಡುತ್ತದೆ. ತಲೆಯ ಮೇಲಿನ ಕೊಂಬೆಯನ್ನು ಕಚ್ಚಿ, ನೆಕ್ಕಿ, ಹಣೆ ಉಜ್ಜಿ ಹೋಗುತ್ತದೆ. ಬೇಟೆಗಾರರು ಇದಕ್ಕೆ ಸ್ಕ್ರೇಪ್ ಅನ್ನುತ್ತಾರೆ. ಮುಂದೆ ಆ ದಾರಿಯಲ್ಲಿ ಹೋಗುವ ಜಿಂಕೆಗಳೆಲ್ಲ ಒಂದು ಗಳಿಗೆ ನಿಂತು ಮೂಸುತ್ತವೆ. ಯಾರು ಬಂದಿದ್ದರು, ಯಾವಾಗ ಬಂದಿದ್ದರು, ಹೊಸಬರಾ ಹಳಬರಾ ಎಂದು ಓದಿಕೊಂಡು ತಮ್ಮದೂ ಒಂದು ಸಹಿ ಹಾಕಿ ಹೋಗುತ್ತವೆ. ನಮ್ಮ ಚುಕ್ಕೆ ಜಿಂಕೆಯೂ ಕಡಿಮೆಯೇನಲ್ಲ. ನಾಗರಹೊಳೆಯಲ್ಲಿ ಸಫಾರಿಗೆ ಹೋದಾಗ ಗಂಡೊಂದು ಹಿಂಗಾಲ ಮೇಲೆ ಎದ್ದು ನಿಂತು ಕೊಂಬೆಗೆ ಮುಖ ಉಜ್ಜುವುದು ಕಂಡರೆ, ಅದು ಸೊಪ್ಪಿಗೆ ಬಾಯಿ ಹಾಕುತ್ತಿದೆ ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಅದು ಕಣ್ಣಿನ ಬಳಿಯ ಗ್ರಂಥಿಯ ವಾಸನೆಯನ್ನು ಎಲೆಗೆ ಹಚ್ಚುತ್ತಿರುತ್ತದೆ.

ಬಾಟಲಿ ವ್ಯಾಪಾರ ನಿಂತಿರುವುದು ಈ ಓದುವ ಚಟದ ಮೇಲೆ. ನೀವು ನೋಡಿದ ಸಾಲಿನಲ್ಲಿ ಎಲ್ಲವೂ ಒಂದೇ ಥರದ ಸರಕಲ್ಲ. ಓಕ್ ಮರದ ಕಾಯಿ, ಸೇಬು ಹೀಗೆ ಮೇವಿನ ವಾಸನೆಯದ್ದು ಕೆಲವು. ಮನುಷ್ಯನ ವಾಸನೆ ಮುಚ್ಚಲಿ ಅಂತ ನರಿ ಮೂತ್ರ, ರಕೂನ್ ಮೂತ್ರ, ಪೈನ್ ಎಲೆ, ಒದ್ದೆ ಮಣ್ಣಿನ ವಾಸನೆ ಇನ್ನು ಕೆಲವು. ವಾಸನೆಯೇ ಇಲ್ಲದ ಸೋಪು, ಬಟ್ಟೆಗೆ ಹೊಡೆಯುವ ಸ್ಪ್ರೇ ಮತ್ತೊಂದು ಕಡೆ. ರಾಜನ ಹಾಗೆ ನಡುವೆ ಕೂತಿರುವುದು ಮಾತ್ರ ಬೆದೆಗೆ ಬಂದ ಹೆಣ್ಣಿನ ಮೂತ್ರ. ಟಿಂಕ್ಸ್ 69 ಎಂಬ ಹೆಸರು ಅಲ್ಲಿನ ಬೇಟೆಗಾರರ ಬಾಯಲ್ಲಿ ಮನೆಮಾತು. ಒಂದು ಔನ್ಸ್, ಎರಡು ಔನ್ಸ್‌ನ ಪುಟ್ಟ ಬಾಟಲಿ. ಒಂದು ಔನ್ಸ್ ಅಂದರೆ ಸುಮಾರು 30 ಮಿಲಿಲೀಟರ್, ಎರಡು ಟೇಬಲ್ ಚಮಚ.

ಇದನ್ನು ಹಿಡಿಯುವುದು ಹೇಗೆ ಅಂತ ನೀವು ಕೇಳಲಿಲ್ಲ, ಆದರೂ ಮನಸ್ಸಲ್ಲಿ ಬಂದೇ ಬಂದಿರುತ್ತದೆ. ಜಿಂಕೆ ಸಾಕುವ ಫಾರಂಗಳಿವೆ. ಜಾಲರಿ ನೆಲದ ಕೊಟ್ಟಿಗೆಯಲ್ಲಿ ಜಿಂಕೆಗಳನ್ನು ಬಿಟ್ಟು, ಕೆಳಗೆ ಇಳಿದದ್ದನ್ನು ಸಂಗ್ರಹಿಸುತ್ತಾರೆ. ಸೋಸಿ, ಕೆಡದ ಹಾಗೆ ಏನಾದರೂ ಬೆರೆಸಿ, ಬಾಟಲಿಗೆ ತುಂಬುತ್ತಾರೆ. ಸಂಶಯ ಶುರುವಾಗುವುದೂ ಇಲ್ಲೇ. ಹೆಣ್ಣು ಜಿಂಕೆ ಬೆದೆಯಲ್ಲಿರುವುದು ಒಂದೆರಡು ದಿನ ಮಾತ್ರ. ಆ ಸಲ ಗಬ್ಬ ಕಟ್ಟದಿದ್ದರೆ ಸುಮಾರು 28 ದಿನಕ್ಕೆ ಮತ್ತೆ ಬೆದೆ ಬರುತ್ತದೆ. ಹತ್ತಾರು ಜಿಂಕೆ ಇರುವ ಕೊಟ್ಟಿಗೆಯ ಕೆಳಗೆ ಕೂಡಿದ ಮೂತ್ರದಲ್ಲಿ ಬೆದೆಯದ್ದು ಎಷ್ಟು, ಬರೀ ಮೂತ್ರ ಎಷ್ಟು? ಕೊಳ್ಳುವವನು ಲೇಬಲ್ ನಂಬಬೇಕು, ಅಷ್ಟೇ. ತಾಜಾ ಮೂತ್ರ ಹೆಚ್ಚು ಹೊತ್ತು ತಾಜಾ ಇರುವುದೂ ಇಲ್ಲ, ಅಮೋನಿಯಾ ನಾತಕ್ಕೆ ತಿರುಗುತ್ತದೆ. ದನದ ಕೊಟ್ಟಿಗೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಊರಲ್ಲಿ ಹೋರಿ ಹಸುವಿನ ಗಂಜಲ ಮೂಸಿ, ಕತ್ತು ಚಾಚಿ, ಮೇಲ್ದುಟಿ ಸುಕ್ಕು ಮಾಡಿ, ನಗುವವರ ಹಾಗೆ ನಿಲ್ಲುವುದನ್ನು ನೋಡಿದ್ದೀರಲ್ವಾ? ಗಂಡು ಜಿಂಕೆಯೂ ಹಾಗೇ ಮಾಡುತ್ತದೆ. ಬಾಯಿಯ ಅಂಗುಳದ ಮೇಲ್ಗಡೆ ಒಂದು ಬೇರೆಯೇ ವಾಸನೆಯ ಅಂಗ ಇದೆ. ಲುಡ್ವಿಗ್ ಜೇಕಬ್‌ಸನ್ ಎಂಬ ಡೆನ್ಮಾರ್ಕಿನ ವಿದ್ವಾಂಸ 1813ರಲ್ಲಿ ಅದರ ಬಗ್ಗೆ ಬರೆದ. ಹಾಗಾಗಿ ಅದಕ್ಕೆ ಜೇಕಬ್‌ಸನ್ ಅಂಗ ಅಂತಲೇ ಹೆಸರು. ಮೂಗಿಗೆ ಗಾಳಿಯಲ್ಲಿ ತೇಲಿ ಬಂದದ್ದು ಸಾಕು. ಈ ಅಂಗಕ್ಕೆ ಹಾಗಲ್ಲ, ಮೂತ್ರ ಮೂತಿಗೆ, ನಾಲಗೆಗೆ ತಾಕಬೇಕು. ಅಂದರೆ ಬೆದೆಯ ಪೂರಾ ಸಮಾಚಾರ ಓದಲು ಜಿಂಕೆ ಆ ಜಾಗಕ್ಕೇ ಬಂದು ಮೂತಿ ಇಡಬೇಕು. ಅರ್ಧ ಮೈಲಿ ಆಚೆಗಿನ ಗಂಡನ್ನು ಬಾಟಲಿ ಎಳೆದು ತರುತ್ತದೆ ಎಂಬ ಮಾತು ಕೇಳಿದರೆ ನನಗೆ ನಗು ಬರುವುದು ಇದಕ್ಕೇ. ಆ ದಾರಿಯಲ್ಲಿ ಹೇಗೂ ಬರುತ್ತಿದ್ದ ಜಿಂಕೆಯನ್ನು ನಾಲ್ಕು ಹೆಜ್ಜೆ ಈ ಕಡೆ ತಿರುಗಿಸಿ, ಅರ್ಧ ನಿಮಿಷ ನಿಲ್ಲಿಸುವುದು, ಬಾಟಲಿಯ ಕೈಲಾಗುವ ಕೆಲಸ ಅದು. ಬಿಲ್ಲು ಹಿಡಿದು ಕೂತವನಿಗೆ ಆ ಅರ್ಧ ನಿಮಿಷವೇ ಬೇಕಾದದ್ದು, ಅದೂ ನಿಜ.

ಅಲ್ಲಿನವರು ಪ್ರಯೋಗವನ್ನೂ ಮಾಡಿ ನೋಡಿದ್ದಾರೆ. ಕಾಡಿನಲ್ಲಿ ತಾವೇ ಸ್ಕ್ರೇಪ್ ಕೆದರಿ, ಒಂದಕ್ಕೆ ಬೆದೆಯ ಮೂತ್ರ, ಇನ್ನೊಂದಕ್ಕೆ ಗಂಡಿನ ಮೂತ್ರ, ಮತ್ತೊಂದಕ್ಕೆ ಮನುಷ್ಯನದೇ ಮೂತ್ರ ಹಾಕಿ ಕ್ಯಾಮೆರಾ ಇಟ್ಟರು. ಮನುಷ್ಯನ ಮೂತ್ರ ಹಾಕಿದಲ್ಲಿಗೂ ಜಿಂಕೆಗಳು ಬಂದವು! ಕೆದರಿದ ಮಣ್ಣು ಮತ್ತು ಮೇಲಿನ ಕೊಂಬೆ ಕಂಡರೆ ಸಾಕು, ನೋಡಿ ಹೋಗೋಣ ಅನ್ನುವ ಕುತೂಹಲ. ಇದು ಗೊತ್ತಾದ ಮೇಲೆ ಬಾಟಲಿಗೆ ಹತ್ತು ಹದಿನೈದು ಡಾಲರ್ ಕೊಡುವಾಗ ಕೈ ಸ್ವಲ್ಪ ಹಿಂದೇಟು ಹಾಕುತ್ತದೆ. ಸ್ಕ್ರೇಪ್‌ಗೆ ಜಿಂಕೆಗಳು ಬರುವುದು ಹೆಚ್ಚಾಗಿ ರಾತ್ರಿ ಹೊತ್ತು, ಆಗ ಬೇಟೆಗಾರ ಮನೆಯಲ್ಲಿ ನಿದ್ದೆ ಮಾಡುತ್ತಿರುತ್ತಾನೆ.

ಹೊತ್ತು, ಕಾಲವೂ ಸೇರಬೇಕು. ಪೆನ್ಸಿಲ್ವೇನಿಯಾದಲ್ಲಿ ಬೆದೆಯ ಜೋರು ನವೆಂಬರ್ ಮಧ್ಯದಲ್ಲಿ. ಬಿಲ್ಲಿನ ಬೇಟೆ ರಾಜ್ಯದ ಹೆಚ್ಚಿನ ಕಡೆ ಅಕ್ಟೋಬರ್‌ನಲ್ಲೇ ಶುರುವಾಗುವುದರಿಂದ ಅವರಿಗೆ ಈ ವಾಸನೆ ಕೆಲಸಕ್ಕೆ ಬರಬಹುದು. ಬಂದೂಕಿನ ಬೇಟೆ ಶುರುವಾಗುವುದು ನವೆಂಬರ್ ಕೊನೆಗೆ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ಮೇಲೆ. ಹಿಂದೆ ಅದು ಹಬ್ಬದ ನಂತರದ ಸೋಮವಾರ ಇತ್ತು, ಎಷ್ಟೋ ಊರುಗಳಲ್ಲಿ ಅವತ್ತು ಶಾಲೆಗೇ ರಜೆ. 2019ರಿಂದ ಶನಿವಾರಕ್ಕೆ ಬಂದಿದೆ. ಅಷ್ಟು ಹೊತ್ತಿಗೆ ಹೆಚ್ಚಿನ ಹೆಣ್ಣುಗಳು ಗಬ್ಬ ಕಟ್ಟಿ ಆಗಿರುತ್ತದೆ. ಗಂಡುಗಳು ಸುಸ್ತಾಗಿ, ಬಂದೂಕಿನ ಸದ್ದಿಗೆ ಬೆದರಿ ಪೊದೆ ಸೇರಿರುತ್ತವೆ. ಸೆಪ್ಟೆಂಬರ್‌ನಲ್ಲಿ ಚೆಲ್ಲಿದರೂ ಅಷ್ಟೇ. ಕಾಲವಲ್ಲದ ಕಾಲದಲ್ಲಿ ಬೆದೆಯ ವಾಸನೆ ಬಂದರೆ ಜಿಂಕೆಗೆ ಅದು ಹೊಂದದ ಸುದ್ದಿ.

ಇಷ್ಟೆಲ್ಲ ಸರಿಹೋದರೂ ಕೊನೆಗೆ ತೀರ್ಪು ಕೊಡುವುದು ಗಾಳಿ. ಅಮೆರಿಕದ ಬೇಟೆಗಾರ ಮರಕ್ಕೆ ಕಟ್ಟಿದ ಅಟ್ಟಣಿಗೆಯಲ್ಲಿ ಕೂರುತ್ತಾನೆ. ನಮ್ಮ ಮಲೆನಾಡಿನ ಹಳಬರು ಮರಸು ಕೂರುವುದು ಅನ್ನುತ್ತಿದ್ದರಲ್ಲ, ಅದೇ. ಹಳೇ ಫಿಲ್ಮ್ ರೋಲಿನ ಡಬ್ಬಿಯಲ್ಲಿ ಹತ್ತಿ ಇಟ್ಟು, ನಾಲ್ಕು ತೊಟ್ಟು ಮೂತ್ರ ಹಾಕಿ, ಕೊಂಬೆಗೆ ನೇತು ಹಾಕುತ್ತಾನೆ. ಇಲ್ಲವೇ ಬಟ್ಟೆ ಚೂರಿಗೆ ಹಚ್ಚಿ, ಬೂಟಿಗೆ ದಾರ ಕಟ್ಟಿ, ಎಳೆದುಕೊಂಡು ಬಂದು ಜಾಡು ಮಾಡುತ್ತಾನೆ. ಆದರೆ ಬಲಿತ ಗಂಡು ವಾಸನೆ ಹಿಡಿದ ಕೂಡಲೇ ನೇರ ನುಗ್ಗುವುದಿಲ್ಲ. ಸುತ್ತು ಹಾಕಿ, ಗಾಳಿ ತನ್ನ ಮುಖಕ್ಕೆ ಬೀಸುವ ಕಡೆಯಿಂದ ಬರುತ್ತದೆ. ಬಾಟಲಿಯ ವಾಸನೆ ಹೊತ್ತ ಗಾಳಿ ಮರದ ಮೇಲಿನವನ ಬೆವರನ್ನೂ ಹೊತ್ತಿದ್ದರೆ ಅಲ್ಲಿಗೆ ಮುಗಿಯಿತು. ಗುಡ್ಡದಲ್ಲಿ ಇನ್ನೂ ಕಷ್ಟ. ಬೆಳಿಗ್ಗೆ ಬಿಸಿಲೇರಿದಂತೆ ಗಾಳಿ ಇಳಿಜಾರಿನಲ್ಲಿ ಮೇಲಕ್ಕೆ ಹತ್ತುತ್ತದೆ, ಸಂಜೆ ತಂಪಾದಾಗ ಕೆಳಕ್ಕೆ ಜಾರುತ್ತದೆ. ಬೆಳಿಗ್ಗೆಗೆ ಒಳ್ಳೆಯದಿದ್ದ ಜಾಗ ಸಂಜೆಗೆ ಕೆಟ್ಟದ್ದು.

ನರಿ ಮೂತ್ರ ಹಚ್ಚಿಕೊಂಡರೆ ಮನುಷ್ಯನ ವಾಸನೆ ಮುಚ್ಚುತ್ತದಾ? ಒಗ್ಗರಣೆ ಹಾಕಿದ ಮನೆಗೆ ಕಾಲಿಟ್ಟರೆ ನಮಗೇ ಇಂಗು ಬೇರೆ, ಕರಿಬೇವು ಬೇರೆ, ಸಾಸಿವೆ ಬೇರೆ ಅಂತ ಗೊತ್ತಾಗುತ್ತದೆ. ನಮಗಿಂತ ಎಷ್ಟೋ ಪಾಲು ಚುರುಕು ಮೂಗಿನ ಜಿಂಕೆಗೆ ತಿಳಿಯುವುದು ಇಷ್ಟೇ: ಇಲ್ಲಿ ಒಬ್ಬ ಮನುಷ್ಯ ಇದ್ದಾನೆ, ಒಂದು ನರಿಯೂ ಇದೆ.

ಇಷ್ಟು ಹೊತ್ತು ಹೇಳಿದ್ದು ದುಡ್ಡಿನ ಲೆಕ್ಕ. ನನಗೆ ಈ ಬಾಟಲಿಯ ಮೇಲೆ ನಿಜವಾದ ತಕರಾರು ಇರುವುದು ಬೇರೆ ಕಾರಣಕ್ಕೆ.

1967ರಲ್ಲಿ ಕೊಲರಾಡೊದ ಫೋರ್ಟ್ ಕಾಲಿನ್ಸ್‌ನಲ್ಲಿ, ಸಂಶೋಧನೆಗೆ ಸಾಕಿದ್ದ ಜಿಂಕೆಗಳು ಬಡಕಲಾಗಿ, ಜೊಲ್ಲು ಸುರಿಸಿ, ತೂರಾಡಿ ಸಾಯತೊಡಗಿದವು. ಮೊದಲು ಮೇವಿನ ದೋಷ ಅಂದುಕೊಂಡರು. ಮುಂದೆ 1978ರ ಹೊತ್ತಿಗೆ ಅದು ಮಿದುಳನ್ನು ಸ್ಪಂಜಿನ ಹಾಗೆ ತೂತು ಮಾಡುವ ರೋಗ ಅಂತ ತಿಳಿಯಿತು. ಹೆಸರು ಕ್ರಾನಿಕ್ ವೇಸ್ಟಿಂಗ್ ಡಿಸೀಸ್, ಬಾಯಿಮಾತಲ್ಲಿ ಸಿಡಬ್ಲ್ಯುಡಿ. ಬ್ರಿಟನ್ನಿನ ಹುಚ್ಚು ಹಸು ರೋಗದ ದಾಯಾದಿ. ಇದಕ್ಕೆ ಬ್ಯಾಕ್ಟೀರಿಯಾ ಇಲ್ಲ, ವೈರಸ್ ಇಲ್ಲ. ಪ್ರಿಯಾನ್ ಎಂಬ ಮಡಿಕೆ ತಪ್ಪಿದ ಪ್ರೋಟೀನು ಕಾರಣ. ಔಷಧಿ ಇಲ್ಲ, ಬಂದ ಜಿಂಕೆ ಬದುಕುವುದಿಲ್ಲ. ಬೇಯಿಸಿದರೆ ಸಾಯುವ ವಸ್ತುವೂ ಅಲ್ಲ. ಮಣ್ಣಿಗೆ ಬಿದ್ದರೆ ವರ್ಷಗಟ್ಟಲೆ ಅಲ್ಲೇ ಇರುತ್ತದೆ.

ರೋಗದ ಜಿಂಕೆ ಒಂದು ವರ್ಷಕ್ಕೂ ಜಾಸ್ತಿ ಕಾಲ ಚೆನ್ನಾಗಿಯೇ ಕಾಣುತ್ತದೆ. ಆ ಹೊತ್ತಿನಲ್ಲೂ ಜೊಲ್ಲು, ಸಗಣಿ, ಮೂತ್ರದಲ್ಲಿ ಪ್ರಿಯಾನ್ ಹೊರಗೆ ಹೋಗುತ್ತಿರಬಹುದು. ಈಗ ಆ ಜಾಲರಿ ನೆಲದ ಕೊಟ್ಟಿಗೆ ನೆನಪು ಮಾಡಿಕೊಳ್ಳಿ. ಹತ್ತಾರು ಜಿಂಕೆಯ ಮೂತ್ರ ಒಂದೇ ಪಾತ್ರೆಗೆ, ಅಲ್ಲಿಂದ ಸಾವಿರಾರು ಬಾಟಲಿಗೆ, ಅಲ್ಲಿಂದ ನೂರಾರು ಮೈಲಿ ಆಚೆಯ ಕಾಡಿನ ಮಣ್ಣಿಗೆ. ಅದೂ ಎಲ್ಲ ಜಿಂಕೆಗಳು ಬಂದು ಮೂತಿ ಇಟ್ಟು ನೆಕ್ಕುವ ಜಾಗಕ್ಕೇ. ಮೂತ್ರದಲ್ಲಿ ಪ್ರಿಯಾನ್ ಪ್ರಮಾಣ ಬಹಳ ಕಡಿಮೆ, ಬಾಟಲಿಯಿಂದಲೇ ರೋಗ ಹಬ್ಬಿತು ಎಂದು ಸಾಬೀತಾಗಿಲ್ಲ ಎಂದು ವ್ಯಾಪಾರದವರು ಹೇಳುತ್ತಾರೆ. ಸುಳ್ಳಲ್ಲ. ಆದರೆ ಅರ್ಧ ನಿಮಿಷ ಜಿಂಕೆ ನಿಲ್ಲಿಸುವ ಲಾಭಕ್ಕೆ ಅಷ್ಟು ದೊಡ್ಡ ಅಪಾಯ ಯಾಕೆ ಮೈಮೇಲೆ ಎಳೆದುಕೊಳ್ಳಬೇಕು? ಕೆನಡಾದಿಂದ ಸಾಕಲು ತರಿಸಿದ ಎಲ್ಕ್ ಜಿಂಕೆಗಳ ಜೊತೆ ಇದೇ ರೋಗ ದಕ್ಷಿಣ ಕೊರಿಯಾ ಮುಟ್ಟಿದೆ. 2016ರಲ್ಲಿ ನಾರ್ವೆಯ ಕಾಡಿನ ಹಿಮಸಾರಂಗದಲ್ಲೂ ಕಾಣಿಸಿತು.

ಹಾಗಾಗಿ ಕೆಲವು ರಾಜ್ಯಗಳು ಬಾಗಿಲು ಹಾಕಿವೆ. ಬೇಟೆಗೆ ನಿಜವಾದ ಜಿಂಕೆ ಮೂತ್ರ ಬಳಸುವುದನ್ನು ವರ್ಜೀನಿಯಾ 2015ರಲ್ಲಿ, ವರ್ಮಾಂಟ್ 2016ರಲ್ಲಿ ನಿಷೇಧಿಸಿದವು. ಪೆನ್ಸಿಲ್ವೇನಿಯಾದಲ್ಲಿ ರೋಗ ಮೊದಲು ಸಿಕ್ಕಿದ್ದು 2012ರಲ್ಲಿ. ಅಲ್ಲಿ ರೋಗ ಕಂಡ ಪ್ರದೇಶಗಳನ್ನು ಗೆರೆ ಹಾಕಿ ಗುರುತಿಸಿದ್ದಾರೆ. ಆ ಗೆರೆಯೊಳಗೆ ಜಿಂಕೆ ಮೂತ್ರ ಬಳಸುವ ಹಾಗಿಲ್ಲ, ಜಿಂಕೆಗೆ ಮೇವು ಹಾಕುವ ಹಾಗೂ ಇಲ್ಲ. ಗೆರೆ ವರ್ಷ ವರ್ಷಕ್ಕೂ ಬದಲಾಗುತ್ತದೆ. ಮಗನ ಮನೆ ಯಾವ ಕಡೆ ಬೀಳುತ್ತದೆ ಎಂದು ಬೇಟೆ, ವನ್ಯಜೀವಿ ನೋಡಿಕೊಳ್ಳುವ ರಾಜ್ಯದ ಗೇಮ್ ಕಮಿಷನ್ ಇಲಾಖೆಯ ನಕ್ಷೆಯಲ್ಲಿ ನೋಡಿಕೊಳ್ಳಲಿ, ಹಿತ್ತಲಲ್ಲಿ ಜೋಳ ಚೆಲ್ಲುವ ಮೊದಲು. ಮನುಷ್ಯರಿಗೆ ಈ ರೋಗ ಅಂಟಿದ ಉದಾಹರಣೆ ಇಲ್ಲ. ಆದರೂ ರೋಗ ಇರುವ ಕಡೆಯ ಜಿಂಕೆ ಮಾಂಸವನ್ನು ಪರೀಕ್ಷೆ ಮಾಡಿಸಿಯೇ ತಿನ್ನಿ ಎಂದು ಅಲ್ಲಿನ ಆರೋಗ್ಯ ಇಲಾಖೆ ಹೇಳುತ್ತದೆ. ಮಗನ ಗೆಳೆಯರು ಪ್ರೀತಿಯಿಂದ ಮಾಂಸ ತಂದುಕೊಟ್ಟರೆ, ನಿಮ್ಮ ಮನೆಯಲ್ಲಿ ತಿನ್ನುವವರಿದ್ದರೆ, ಇದೊಂದು ಮಾತು ಕೇಳಿ.

ಮಗನಿಗೆ ತಾನೂ ಒಮ್ಮೆ ಹೋಗಬೇಕು ಅನ್ನಿಸಿದರೆ ಕೃತಕವಾಗಿ ಮಾಡಿದ ವಾಸನೆಯ ಬಾಟಲಿಗಳೂ ಅದೇ ಸಾಲಿನಲ್ಲಿವೆ. ಪ್ರಿಯಾನ್ ಭಯ ಇಲ್ಲ, ಕುತೂಹಲ ಹುಟ್ಟಿಸಲು ಅಷ್ಟು ಸಾಕು. ಬಾಟಲಿಯೇ ಇಲ್ಲದೆ ಗಾಳಿ ನೋಡಿ ಕೂತರೂ ನಷ್ಟವಿಲ್ಲ. ಕಾರಿನೊಳಗೆ ಮಾತ್ರ ಮುಚ್ಚಳ ತೆಗೆಯಬಾರದು. ನನ್ನ ಪರಿಚಯದವರೊಬ್ಬರ ಕಾರಿನ ಡಿಕ್ಕಿಯಲ್ಲಿ ಒಂದು ಬಾಟಲಿ ಸೋರಿ, ಆ ಇಡೀ ಚಳಿಗಾಲ ಅವರು ಕಿಟಕಿ ಇಳಿಸಿಕೊಂಡೇ ಓಡಾಡಿದರು.

ಊರಿಗೆ ಬರುವಾಗ ಸೂಟ್‌ಕೇಸಿನಲ್ಲಿ ಒಂದು ತರೋಣ, ತೋಟಕ್ಕೆ ಬರುವ ಕಡವೆಗೆ ಇಟ್ಟು ನೋಡೋಣ ಎಂಬ ಆಸೆ ಬೇಡವೇ ಬೇಡ. ನಮ್ಮ 1972ರ ವನ್ಯಜೀವಿ ಕಾಯ್ದೆಯಲ್ಲಿ ಬೇಟೆ ಅಂದರೆ ಕೊಲ್ಲುವುದಷ್ಟೇ ಅಲ್ಲ. ಬಲೆ ಹಾಕುವುದು, ಸೋವು ಮಾಡಿ ಓಡಿಸುವುದು, ಆಮಿಷ ಒಡ್ಡುವುದು, ಅದಕ್ಕೆ ಪ್ರಯತ್ನಪಡುವುದು ಕೂಡ ಬೇಟೆಯೇ.

ನಿಮಗೆ ಜಿಂಕೆ ನೋಡುವ ಆಸೆಯಾದರೆ ನವೆಂಬರ್‌ವರೆಗೆ ಅಲ್ಲೇ ಇರಿ, ಬಾಟಲಿ ಏನೂ ಬೇಡ. ಅಮೆರಿಕದಲ್ಲಿ ಜಿಂಕೆಗೆ ಕಾರು ಡಿಕ್ಕಿ ಹೊಡೆಯುವುದು ಹೆಚ್ಚಿರುವ ರಾಜ್ಯಗಳಲ್ಲಿ ಪೆನ್ಸಿಲ್ವೇನಿಯಾ ಮುಂದಿನ ಸಾಲಿನಲ್ಲಿದೆ, ಅದರಲ್ಲೂ ಬೆದೆಯ ಕಾಲದಲ್ಲಿ. ಸಂಜೆ ಮಬ್ಬಿನಲ್ಲಿ ನಿಧಾನಕ್ಕೆ ಹೋಗಲು ಮಗನಿಗೆ ಹೇಳಿ. ಮುಂದೆ ಒಂದು ಹೆಣ್ಣು ರಸ್ತೆ ದಾಟಿತು ಅಂದರೆ ಕಾರು ಕೂಡಲೇ ಮುಂದೆ ಬಿಡಬೇಡಿ, ಸ್ವಲ್ಪ ತಾಳಿ. ಅದು ಹೋದ ದಾರಿಯಲ್ಲೇ, ರಸ್ತೆ ಕಾರು ಯಾವುದರ ಪರಿವೆಯೂ ಇಲ್ಲದೆ, ಮೂಗು ನೆಲಕ್ಕೆ ಹಚ್ಚಿಕೊಂಡು ಒಂದು ಗಂಡು ಬರುತ್ತಿರುತ್ತದೆ.