ಹೋಮ್ ಲೋನ್‌ಗೆ ಮುಂಚೆ ಯಾವ ಕ್ರೆಡಿಟ್ ಕಾರ್ಡ್ ಉಳಿಸಿಕೊಳ್ಳಲಿ?

ಪ್ರಶ್ನೆ: ಇನ್ನು ಆರು ತಿಂಗಳಲ್ಲಿ ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಳ್ಳುವ ಯೋಚನೆ ಇದೆ. ಸುಮಾರು 50 ಲಕ್ಷ ಸಾಲ ಬೇಕು. ನನ್ನ ಹತ್ತಿರ ಐದು ಕ್ರೆಡಿಟ್ ಕಾರ್ಡ್ ಇವೆ. ಒಂದನ್ನು ಬಿಟ್ಟು ಉಳಿದದ್ದೆಲ್ಲ ಕ್ಲೋಸ್ ಮಾಡಿಸು ಅಂತ ಆಫೀಸಿನವರು ಹೇಳುತ್ತಾರೆ. ಒಂದನ್ನೂ ಮುಟ್ಟಬೇಡಿ, ಸಿಬಿಲ್ ಸ್ಕೋರ್ (ಸಾಲ ಕಟ್ಟುವ ರೂಢಿಗೆ ಸಿಗುವ ಅಂಕ) ಬಿದ್ದುಹೋಗುತ್ತೆ ಅಂತ ಸಾಲ ಮಾಡಿಸಿಕೊಡುವ ಏಜೆಂಟ್ ಹೇಳುತ್ತಾರೆ. ಯಾರ ಮಾತು ಕೇಳಲಿ?

ಇಬ್ಬರದೂ ಬೇಡ. ನಿಮ್ಮ ಹತ್ತಿರ ಎಷ್ಟು ಕಾರ್ಡ್ ಇವೆ ಅನ್ನುವುದು ಬ್ಯಾಂಕಿಗೆ ಅಷ್ಟು ದೊಡ್ಡ ವಿಷಯವಲ್ಲ. ಆ ಕಾರ್ಡುಗಳ ಕಡೆಗೆ ತಿಂಗಳಿಗೆ ಎಷ್ಟು ಹಣ ಹೋಗುತ್ತಿದೆ, ಇಲ್ಲಿಯವರೆಗೆ ಸಮಯಕ್ಕೆ ಸರಿಯಾಗಿ ಕಟ್ಟಿದ್ದೀರಾ, ಈ ಎರಡನ್ನು ಅದು ನೋಡುತ್ತದೆ. ಆದ್ದರಿಂದ ಮೊದಲು ಬಾಕಿ, ಆಮೇಲೆ ಕಾರ್ಡು.

ಈ ಪ್ರಶ್ನೆ ಕೇಳುವವರಲ್ಲಿ ಹೆಚ್ಚಿನವರ ಕಾರ್ಡುಗಳು ಒಂದೇ ತರಹ ಇರುತ್ತವೆ. ಹಾಗಾಗಿ ಒಂದು ಲೆಕ್ಕ ಇಟ್ಟುಕೊಳ್ಳೋಣ. ಮೊದಲ ಕೆಲಸ ಸಿಕ್ಕಾಗ ಮಾಡಿಸಿದ ಹಳೆಯ ಕಾರ್ಡ್, ಶುಲ್ಕ ಇಲ್ಲ, ಲಿಮಿಟ್ 60 ಸಾವಿರ. ಸಂಬಳ ಬರುವ ಬ್ಯಾಂಕಿನದು, ಲಿಮಿಟ್ ಎರಡೂವರೆ ಲಕ್ಷ. ವಿಮಾನ ನಿಲ್ದಾಣದ ಲೌಂಜಿನ ಆಸೆಗೆ ತೆಗೆದುಕೊಂಡದ್ದು ಒಂದು, ಲಿಮಿಟ್ ಒಂದೂವರೆ ಲಕ್ಷ, ವರ್ಷಕ್ಕೆ 3,000 ರೂಪಾಯಿ ಶುಲ್ಕ, ಮೇಲೆ ಜಿಎಸ್‌ಟಿ. ಆನ್‌ಲೈನ್ ಶಾಪಿಂಗಿನದು ಒಂದು, ಲಿಮಿಟ್ ಒಂದು ಲಕ್ಷ, ಶುಲ್ಕ ಇಲ್ಲ. ಪೆಟ್ರೋಲ್ ಬಂಕಿನಲ್ಲಿ ಉಜ್ಜುವುದು ಇನ್ನೊಂದು, ಲಿಮಿಟ್ 40 ಸಾವಿರ, ಶುಲ್ಕ 500. ಒಟ್ಟು ಲಿಮಿಟ್ ಆರು ಲಕ್ಷ. ತಿಂಗಳ ಖರ್ಚು ಎಲ್ಲಾ ಸೇರಿ 45 ಸಾವಿರ. ಜೊತೆಗೆ ಲೌಂಜ್ ಕಾರ್ಡಿನಲ್ಲಿ ಫೋನ್ ಕೊಂಡ ಕಂತು, ತಿಂಗಳಿಗೆ 4,500.

ಇದರಲ್ಲಿ ಬ್ಯಾಂಕಿನ ಕಣ್ಣು ಮೊದಲು ಬೀಳುವುದು ಆ ಫೋನ್ ಕಂತಿನ ಮೇಲೆ.

ಸಾಲ ಕೊಡುವವರು ನಿಮ್ಮ ಕೈಗೆ ಬರುವ ಸಂಬಳದಲ್ಲಿ ಇಷ್ಟು ಭಾಗ ಮಾತ್ರ ಕಂತುಗಳಿಗೆ ಹೋಗಬಹುದು ಅಂತ ಒಂದು ಮಿತಿ ಹಾಕಿಕೊಂಡಿರುತ್ತಾರೆ. ಬ್ಯಾಂಕಿನಿಂದ ಬ್ಯಾಂಕಿಗೆ, ಸಂಬಳದಿಂದ ಸಂಬಳಕ್ಕೆ ಇದು ಬದಲಾಗುತ್ತದೆ. ಅರ್ಧ ಅಂತ ಹಿಡಿಯೋಣ. ಕೈಗೆ 90 ಸಾವಿರ ಬಂದರೆ 45 ಸಾವಿರದವರೆಗೆ ಕಂತು ಕಟ್ಟಬಹುದು ಎಂದಾಯಿತು. ಶೇಕಡಾ 8.5 ಬಡ್ಡಿ, 20 ವರ್ಷದ ಅವಧಿಯಾದರೆ ಒಂದು ಲಕ್ಷ ಸಾಲಕ್ಕೆ ತಿಂಗಳ ಕಂತು ಸುಮಾರು 868 ರೂಪಾಯಿ. ಅಂದರೆ 45 ಸಾವಿರಕ್ಕೆ 51 ಲಕ್ಷದ ಮೇಲೆ ಸಾಲ ಹುಟ್ಟುತ್ತದೆ. ನಿಮಗೆ ಬೇಕಿರುವುದು 50. ಸರಿಹೋಯಿತು.

ಈಗ ಫೋನ್ ಕಂತು ಕಳೆಯಿರಿ, 4,500. ಕಾರ್ಡಿನ ಬಾಕಿಯನ್ನೂ ಕೆಲವು ಬ್ಯಾಂಕುಗಳು ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ಎಲ್ಲರ ಸಾಲ, ಪಾವತಿಗಳ ಲೆಕ್ಕ ಇಡುವ ಕ್ರೆಡಿಟ್ ಬ್ಯೂರೋದ ವರದಿಯಲ್ಲಿ ಕಾಣುವ ಬಾಕಿಯ ಶೇಕಡಾ 5 ಅನ್ನು ತಿಂಗಳ ಕಂತು ಅಂತಲೇ ಹಿಡಿಯುತ್ತವೆ. ನೀವು ಪ್ರತಿ ತಿಂಗಳು ಪೂರ್ತಿ ಕಟ್ಟುವವರಾದರೂ ವರದಿಗೆ ಹೋದ ದಿನ 45 ಸಾವಿರ ಬಾಕಿ ಇತ್ತು ಅಂದರೆ 2,250 ರೂಪಾಯಿ ಕಂತು ಬಿತ್ತು. ಎರಡೂ ಸೇರಿ 6,750. ಉಳಿದದ್ದು 38,250. ಇದಕ್ಕೆ ಸಿಗುವ ಸಾಲ 44 ಲಕ್ಷ. ಒಂದು ಫೋನ್, ಒಂದು ತಿಂಗಳ ಬಿಲ್ಲು, ಎರಡು ಸೇರಿ ಏಳು ಲಕ್ಷಕ್ಕಿಂತ ಜಾಸ್ತಿ ಸಾಲವನ್ನು ನುಂಗಿ ಹಾಕಿದವು. ಇಲ್ಲಿ ಐದು ಕಾರ್ಡ್ ಇದೆಯೋ ಎರಡು ಇದೆಯೋ ಅನ್ನುವ ಮಾತೇ ಬರಲಿಲ್ಲ ನೋಡಿ.

ಹಾಗಾಗಿ ಮೊದಲ ಕೆಲಸ, ಕಾರ್ಡಿನ ಮೇಲಿರುವ ಕಂತುಗಳನ್ನು ತೀರಿಸಿಬಿಡುವುದು. 'ಬಡ್ಡಿ ಇಲ್ಲದ ಕಂತು, ಸುಮ್ನೆ ಯಾಕೆ ಮುಂಚೆ ಕಟ್ಟಲಿ' ಅನ್ನಿಸಬಹುದು. ಬೇರೆ ಸಮಯದಲ್ಲಾದರೆ ನಾನೂ ಹಾಗೇ ಹೇಳುತ್ತಿದ್ದೆ. ಕೊನೆಯ ಕೆಲವೇ ಕಂತು ಉಳಿದಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯದ ಬ್ಯಾಂಕುಗಳೂ ಇವೆ, ಕೇಳಿ ನೋಡಿ. ಇನ್ನು ಮಿನಿಮಮ್ ಡ್ಯೂ (ಬಿಲ್ಲಿನಲ್ಲಿ ಕಟ್ಟಲೇಬೇಕಾದ ಸಣ್ಣ ಭಾಗ) ಮಾತ್ರ ಕಟ್ಟಿಕೊಂಡು ಬಾಕಿ ಎಳೆಯುತ್ತಿದ್ದರೆ ಚರ್ಚೆಯೇ ಬೇಡ. ವರ್ಷಕ್ಕೆ ಶೇಕಡಾ 40ರ ಆಸುಪಾಸು ಬಡ್ಡಿಯ ಸಾಲ ಇಟ್ಟುಕೊಂಡು ಡೌನ್ ಪೇಮೆಂಟಿಗೆ ಅಂತ ಎಫ್‌ಡಿ ಕೂಡಿಸುವುದರಲ್ಲಿ ಅರ್ಥವಿಲ್ಲ.

ಇನ್ನು ಸ್ಕೋರಿನ ವಿಷಯ. ಸಿಬಿಲ್ ಸ್ಕೋರ್ 300ರಿಂದ 900ರವರೆಗೆ ಇರುತ್ತದೆ. ಸ್ಕೋರ್ ಚೆನ್ನಾಗಿದ್ದರೆ ಹಲವು ಬ್ಯಾಂಕುಗಳು ಬಡ್ಡಿ ಕಡಿಮೆ ಹಾಕುತ್ತವೆ. ಅರ್ಧ ಪರ್ಸೆಂಟ್ ವ್ಯತ್ಯಾಸ ಸಣ್ಣದಲ್ಲ. 50 ಲಕ್ಷಕ್ಕೆ 20 ವರ್ಷಕ್ಕೆ ಶೇಕಡಾ 8.5ರಲ್ಲಿ ಕಂತು ಸುಮಾರು 43,400 ರೂಪಾಯಿ, ಶೇಕಡಾ 9ರಲ್ಲಿ ಸುಮಾರು 45,000. ಇಪ್ಪತ್ತು ವರ್ಷಕ್ಕೆ ಹೆಚ್ಚುಕಡಿಮೆ 3.8 ಲಕ್ಷ.

'ಒಂದು ಬಿಟ್ಟು ಎಲ್ಲಾ ಕ್ಲೋಸ್ ಮಾಡಿಸು' ಅನ್ನುವ ಸಲಹೆ ಕೆಡಿಸುವುದು ಇಲ್ಲೇ. ಇರುವ ಲಿಮಿಟಿನಲ್ಲಿ ಎಷ್ಟು ಭಾಗ ಬಳಸುತ್ತಿದ್ದೀರಿ ಅನ್ನುವುದು ಸ್ಕೋರಿಗೆ ಮುಖ್ಯ. ಶೇಕಡಾ 30ರ ಒಳಗಿರಲಿ ಅನ್ನುವುದು ವಾಡಿಕೆಯ ಮಾತು. ಆರು ಲಕ್ಷದಲ್ಲಿ 45 ಸಾವಿರ ಅಂದರೆ ಶೇಕಡಾ 7.5. ಹಳೆಯ ಕಾರ್ಡ್ ಒಂದನ್ನೇ ಉಳಿಸಿಕೊಂಡರೆ? 60 ಸಾವಿರದಲ್ಲಿ 45 ಸಾವಿರ, ಶೇಕಡಾ 75. ಖರ್ಚು ಒಂದು ರೂಪಾಯಿಯೂ ಹೆಚ್ಚಾಗಿಲ್ಲ. ಆದರೆ ಕಾಗದದ ಮೇಲೆ ನೀವು ಕಾರ್ಡಿನ ಮೇಲೇ ಬದುಕುವವರಂತೆ ಕಾಣುತ್ತೀರಿ. ಅದೇ ಲೌಂಜ್ ಕಾರ್ಡ್, ಪೆಟ್ರೋಲ್ ಕಾರ್ಡ್ ಎರಡನ್ನೇ ಮುಚ್ಚಿದರೆ ಲಿಮಿಟ್ 4.1 ಲಕ್ಷ ಉಳಿಯುತ್ತದೆ, ಬಳಕೆ ಶೇಕಡಾ 11. ಏನೂ ತೊಂದರೆಯಿಲ್ಲ.

ಈ ಲೆಕ್ಕವನ್ನು ಇನ್ನೂ ಇಳಿಸಬಹುದು. ಬಿಲ್ಲು ಬಂದ ಮೇಲೆ ಕಟ್ಟುವ ಬದಲು ಸ್ಟೇಟ್‌ಮೆಂಟ್ ತಾರೀಕಿಗೆ ಎರಡು ಮೂರು ದಿನ ಮುಂಚೆಯೇ ಹೆಚ್ಚಿನ ಪಾಲು ಕಟ್ಟಿಬಿಡಿ. ಸ್ಟೇಟ್‌ಮೆಂಟಿನಲ್ಲೇ ಬಾಕಿ ಕಡಿಮೆ ಬರುತ್ತದೆ. 2025ರ ಜನವರಿ 1ರಿಂದ ಬ್ಯಾಂಕುಗಳು ಕನಿಷ್ಠ ಹದಿನೈದು ದಿನಕ್ಕೊಮ್ಮೆ ಕ್ರೆಡಿಟ್ ಬ್ಯೂರೋಗಳಿಗೆ ಮಾಹಿತಿ ಕಳಿಸಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ಹಾಗಾಗಿ ಒಳ್ಳೆಯದೂ ಬೇಗ ಕಾಣುತ್ತದೆ, ಕೆಟ್ಟದ್ದೂ ಬೇಗ ಕಾಣುತ್ತದೆ. ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಿಕೊಂಡು ತರಕಾರಿಯಿಂದ ಹಿಡಿದು ಆಟೋದವರೆಗೆ ಅದರಲ್ಲೇ ಸ್ಕ್ಯಾನ್ ಮಾಡುವವರು ಈ ಆರು ತಿಂಗಳು ಉಳಿತಾಯ ಖಾತೆಗೆ ಮರಳಿದರೆ ಒಳ್ಳೆಯದು. ಐವತ್ತು ನೂರು ಅಂತ ಹೋಗಿ ತಿಂಗಳ ಕೊನೆಗೆ ಅದೇ ದೊಡ್ಡ ಬಿಲ್ಲಾಗಿರುತ್ತದೆ.

ಹಳೆಯ ಕಾರ್ಡನ್ನು ಯಾಕೆ ಉಳಿಸಿಕೊಳ್ಳಬೇಕು? ಅದಕ್ಕೆ ಶುಲ್ಕ ಇಲ್ಲ, ವರ್ಷಗಟ್ಟಲೆ ಸರಿಯಾಗಿ ಕಟ್ಟಿದ ದಾಖಲೆ ಅದರಲ್ಲಿದೆ. ಅಷ್ಟು ಸಾಕು. ಹಳೆ ಕಾರ್ಡ್ ಮುಚ್ಚಿದರೆ ಸ್ಕೋರ್ ಕುಸಿದೇ ಬಿಡುತ್ತದೆ ಅನ್ನುವ ಭಯ ಮಾತ್ರ ಅತಿಯಾಯಿತು. ಮುಚ್ಚಿದ ಖಾತೆ ಕೂಡಲೇ ವರದಿಯಿಂದ ಮಾಯವಾಗುವುದಿಲ್ಲ. ವಿಡಿಯೋಗಳಲ್ಲಿ ಕೇಳುವ 'ಇದಕ್ಕೆ 35 ಪರ್ಸೆಂಟ್, ಅದಕ್ಕೆ 30 ಪರ್ಸೆಂಟ್' ಅನ್ನುವ ಲೆಕ್ಕ ಅಮೆರಿಕದ ಫೈಕೋ ಸ್ಕೋರಿನದು. ಅದನ್ನು ಇಲ್ಲಿಗೆ ಹಾಗೇ ತಂದು ಹಾಕಬೇಡಿ.

ಒಂದು ಎಚ್ಚರಿಕೆ. ವರ್ಷಕ್ಕಿಂತ ಹೆಚ್ಚು ಕಾಲ ಬಳಸದ ಕಾರ್ಡನ್ನು ಬ್ಯಾಂಕೇ ಮುಚ್ಚಬಹುದು. ಮೊದಲು ನಿಮಗೆ ತಿಳಿಸಬೇಕು, 30 ದಿನದಲ್ಲಿ ಉತ್ತರ ಬರದಿದ್ದರೆ ಮುಚ್ಚುತ್ತದೆ. ಹಳೆಯ ಕಾರ್ಡ್ ಉಳಿಯಬೇಕಾದರೆ ಆಗಾಗ ಒಂದು ಮೊಬೈಲ್ ರೀಚಾರ್ಜಾದರೂ ಅದರಲ್ಲಿ ಮಾಡಿ. ಸಂಬಳದ ಬ್ಯಾಂಕಿನ ಕಾರ್ಡ್ ದೊಡ್ಡ ಲಿಮಿಟ್ ಕಾರಣಕ್ಕೆ ಇರಲಿ. ಶಾಪಿಂಗ್ ಕಾರ್ಡಿಗೆ ಶುಲ್ಕ ಇಲ್ಲದ್ದರಿಂದ ಮುಚ್ಚುವ ತುರ್ತು ಇಲ್ಲ. ಆದರೆ ಆ್ಯಪ್ ತೆರೆದರೆ ಕೈ ನಿಲ್ಲುವುದಿಲ್ಲ ಅನ್ನುವವರು ಅದನ್ನೂ ಮುಚ್ಚಿ, ಎರಡು ಕಾರ್ಡಿನಲ್ಲಿ 3.1 ಲಕ್ಷ ಲಿಮಿಟ್ ಧಾರಾಳ ಆಯಿತು. ಲೌಂಜ್ ಕಾರ್ಡ್ ವರ್ಷಕ್ಕೆ 3,540 ರೂಪಾಯಿ ತೆಗೆದುಕೊಂಡು ಎಷ್ಟು ಸಲ ದೋಸೆ ಕೊಟ್ಟಿದೆ ಅಂತ ನೀವೇ ಲೆಕ್ಕ ಹಾಕಿ.

ಮುಚ್ಚುವ ಮೊದಲು ವರದಿ ತರಿಸಿ ನೋಡಿ. ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್, ಈ ನಾಲ್ಕೂ ಬ್ಯೂರೋಗಳು ವರ್ಷಕ್ಕೊಂದು ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು. ನಿಮ್ಮ ವರದಿಯನ್ನು ನೀವೇ ನೋಡಿದರೆ ಸ್ಕೋರ್ ಇಳಿಯುವುದಿಲ್ಲ. ನಮ್ಮ ಕಡೆಯವರಿಗೆ ಇಲ್ಲೊಂದು ಗೊಂದಲ ಆಗುವುದುಂಟು. 2019ರಲ್ಲಿ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದೊಳಗೆ ಹೋಯಿತು, 2020ರಲ್ಲಿ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಶನ್ ಯೂನಿಯನ್ ಬ್ಯಾಂಕಿಗೆ ಸೇರಿದವು. ಆ ಕಾಲದ ಖಾತೆ ಈಗ ಬೇರೆ ಬ್ಯಾಂಕಿನ ಹೆಸರಲ್ಲಿ ಕಂಡರೆ ಗಾಬರಿ ಬೇಡ. ನಿಜವಾಗಿಯೂ ನಿಮ್ಮದಲ್ಲದ ಸಾಲ ಕಂಡರೆ ಮಾತ್ರ ಕೂಡಲೇ ದೂರು ಹಾಕಿ. 30 ದಿನದಲ್ಲಿ ಸರಿ ಮಾಡದಿದ್ದರೆ ಆಮೇಲೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅನ್ನುವ ನಿಯಮ ಇದೆ.

ಕಾರ್ಡನ್ನು ಕತ್ತರಿಯಿಂದ ಕತ್ತರಿಸಿದರೆ ಅದು ಮುಚ್ಚಿದಂತಲ್ಲ. ಬ್ಯಾಂಕಿನ ಮಟ್ಟಿಗೆ ಆ ಖಾತೆ ಜೀವಂತ. ವರ್ಷದ ಶುಲ್ಕ ಬೀಳುತ್ತದೆ, ಜಿಎಸ್‌ಟಿ ಬೀಳುತ್ತದೆ, ಕಟ್ಟದೆ ಹೋದರೆ ತಡ ಶುಲ್ಕ, ಬಡ್ಡಿ. 590 ರೂಪಾಯಿಯ ಮರೆತ ಬಾಕಿಯೂ ವರದಿಯಲ್ಲಿ 'ತಡವಾಗಿದೆ' ಅಂತಲೇ ಕೂರುತ್ತದೆ. ಸಿಬಿಲ್ ವರದಿಯಲ್ಲಿ 36 ತಿಂಗಳವರೆಗಿನ ಪಾವತಿ ಲೆಕ್ಕ ಕಾಣುತ್ತದೆ, ಸಾಲದ ಅಧಿಕಾರಿ ಅದನ್ನು ಬೆರಳಿಟ್ಟು ಓದುತ್ತಾರೆ.

ಸರಿಯಾಗಿ ಮುಚ್ಚುವುದು ಹೀಗೆ. ರಿವಾರ್ಡ್ ಪಾಯಿಂಟ್ ಖಾಲಿ ಮಾಡಿ. ಕಾರ್ಡಿಗೆ ಜೋಡಿಸಿದ ವಿಮೆ, ಕರೆಂಟ್ ಬಿಲ್, ಓಟಿಟಿ ಆಟೋ ಪೇಗಳನ್ನು ಬೇರೆ ಕಡೆಗೆ ಬದಲಿಸಿ. ಬಾಕಿ ಪೂರ್ತಿ ಕಟ್ಟಿ, ಬ್ಯಾಂಕಿಗೆ ಲಿಖಿತವಾಗಿ ಕೇಳಿ. ಕಸ್ಟಮರ್ ಕೇರ್‌ನವರು 'ಶುಲ್ಕ ಮನ್ನಾ ಮಾಡ್ತೀವಿ ಸಾರ್, ಇಟ್ಕೊಳಿ' ಅನ್ನಬಹುದು. ಬಾಯಿಮಾತಲ್ಲ, ಮೇಲ್‌ನಲ್ಲಿ ಬರೆದುಕೊಟ್ಟರೆ ಒಪ್ಪಬಹುದು. ಬಾಕಿ ಇಲ್ಲದಿದ್ದರೆ ಏಳು ಕೆಲಸದ ದಿನದಲ್ಲಿ ಮುಚ್ಚಲೇಬೇಕು, ತಡವಾದರೆ ದಿನಕ್ಕೆ 500 ರೂಪಾಯಿ ನಿಮಗೆ ಕೊಡಬೇಕು. ಇದು ರಿಸರ್ವ್ ಬ್ಯಾಂಕಿನ 2022ರ ನಿಯಮ. ಬಾಕಿ ಇಲ್ಲವೆಂಬ ಪತ್ರ ತೆಗೆದುಕೊಂಡು, ತಿಂಗಳ ನಂತರ ವರದಿಯಲ್ಲಿ ಕ್ಲೋಸ್ಡ್ ಅಂತ ಬಂದಿದೆಯೇ ನೋಡಿ. ಹಳೆಯ ಬಾಕಿಗೆ ವಸೂಲಿಯವರು 'ಅರ್ಧ ಕಟ್ಟಿ, ಮುಗಿಸಿಬಿಡೋಣ' ಅಂದರೆ ಹೋಮ್ ಲೋನ್ ಬೇಕಾದವರು ಒಪ್ಪಬೇಡಿ. ಆಗ ಕ್ಲೋಸ್ಡ್ ಬದಲು ಸೆಟಲ್ಡ್ ಅಂತ ಬೀಳುತ್ತದೆ. ಪೂರ್ತಿ ಕಟ್ಟಲಿಲ್ಲ ಅನ್ನುವುದು ಎಲ್ಲ ಬ್ಯಾಂಕಿಗೂ ಗೊತ್ತಾಗುತ್ತದೆ.

ಇದೆಲ್ಲ ಈ ತಿಂಗಳೇ ಆಗಲಿ. ಅರ್ಜಿ ಹಾಕುವ ವಾರದಲ್ಲಿ ಕಾರ್ಡ್ ಮುಚ್ಚಲು ಹೋಗಬೇಡಿ, ವರದಿ ಅರ್ಧಂಬರ್ಧ ಸ್ಥಿತಿಯಲ್ಲಿರುತ್ತದೆ. ಹೊಸ ಕಾರ್ಡಿಗೂ ಅರ್ಜಿ ಬೇಡ, ಮಾಲ್‌ನಲ್ಲಿ ಬ್ಯಾಗ್ ಉಚಿತ ಕೊಟ್ಟರೂ ಬೇಡ. ಪ್ರತಿ ಅರ್ಜಿಯೂ ವರದಿಯಲ್ಲಿ ಸಾಲ ಕೇಳಿದ ವಿಚಾರಣೆಯಾಗಿ (ಎನ್‌ಕ್ವೈರಿ) ದಾಖಲಾಗುತ್ತದೆ.

ಸಾಲ ಮಂಜೂರಾದ ಮೇಲೂ ಕೈ ಬಿಗಿ ಇರಲಿ. ಮಂಜೂರಾತಿಗೂ ಹಣ ಬಿಡುಗಡೆಗೂ ನಡುವೆ ಇ-ಖಾತಾ, ದಾಖಲೆ ಪರಿಶೀಲನೆ ಅಂತ ವಾರಗಳು ಹೋಗುತ್ತವೆ. ಹಣ ಬಿಡುವ ಮುಂಚೆ ಬ್ಯಾಂಕ್ ಇನ್ನೊಮ್ಮೆ ವರದಿ ತೆಗೆಸಬಹುದು. ಜನ ಎಡವುವುದು ಇದೇ ಸಮಯದಲ್ಲಿ. 62.5 ಲಕ್ಷದ ಫ್ಲ್ಯಾಟಿಗೆ ಶೇಕಡಾ 80ರಂತೆ 50 ಲಕ್ಷ ಸಾಲ ಸಿಕ್ಕರೂ ನೋಂದಣಿ ಖರ್ಚು ಅದರಲ್ಲಿ ಸೇರುವುದಿಲ್ಲ. ಕರ್ನಾಟಕದಲ್ಲಿ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇಕಡಾ 1ರಿಂದ 2ಕ್ಕೆ ಏರಿದೆ. ಈ ಬೆಲೆಗೆ ಶೇಕಡಾ 5ರ ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ಸು ಸೇರಿದರೆ ನಾಲ್ಕೂಮುಕ್ಕಾಲು ಲಕ್ಷದ ಹತ್ತಿರ ಬರುತ್ತದೆ. ಅದಕ್ಕೆ ಹಣ ಸಾಲದೆ ಕಾರ್ಡಿನ ಮೇಲೆ ಲೋನ್ ತೆಗೆಯುವುದು, ಕೀಲಿ ಕೈಗೆ ಬರುವ ಮುಂಚೆಯೇ ಮಾಡ್ಯುಲರ್ ಕಿಚನ್ನಿಗೆ ಕಾರ್ಡ್ ಉಜ್ಜುವುದು, ಎರಡೂ ಮೇಲಿನ ಲೆಕ್ಕವನ್ನೆಲ್ಲ ತಲೆಕೆಳಗು ಮಾಡುತ್ತವೆ.

ಹೆಂಡತಿ ಅಥವಾ ಗಂಡ ಜೊತೆ ಅರ್ಜಿದಾರರಾಗಿದ್ದರೆ ಅವರ ಕಾರ್ಡುಗಳಿಗೂ ಇದೇ ಕೆಲಸ ಮಾಡಿ, ಬ್ಯಾಂಕ್ ಇಬ್ಬರ ವರದಿಯನ್ನೂ ತೆಗೆಯುತ್ತದೆ. ನಿಮ್ಮ ಕಾರ್ಡಿನ ಮೇಲೆ ತಮ್ಮನಿಗೋ ಅಪ್ಪನಿಗೋ ಆ್ಯಡ್-ಆನ್ ಕಾರ್ಡ್ ಕೊಡಿಸಿದ್ದರೆ ಅದರ ಬಾಕಿಯೂ ನಿಮ್ಮ ಹೆಸರಲ್ಲೇ ಬೀಳುತ್ತದೆ. ಆರು ತಿಂಗಳ ಮಟ್ಟಿಗೆ ಆ ಕಾರ್ಡಿನ ಲಿಮಿಟನ್ನು ಆ್ಯಪ್‌ನಲ್ಲೇ ಇಳಿಸಿಡಬಹುದು. ಮೊದಲು ಅವರಿಗೊಂದು ಮಾತು ಹೇಳಿ ಇಳಿಸಿ.